ನಿಲ್ಲಿಸಿದ ಆಟ ಎಲ್ಲಿ ಕಾದಿರುತ್ತದೆ?

ಏಳನೆಯ ತರಗತಿಯ ಓದುಗಳೊಬ್ಬಳು ಕಾರ್ಡು ಬರೆದಿದ್ದಾಳೆ. "ತಾತ, ಟಿ.ವಿ.ಯಲ್ಲಿ ಕ್ರಿಕೆಟ್ ನೇರ ಪ್ರಸಾರ ಬರುತ್ತಿರುತ್ತದೆ. ಅಮ್ಮ ಊಟಕ್ಕೆ ಕರೆದರೆ ಅಪ್ಪ ರಿಮೋಟಿನಲ್ಲಿ ಆಟ ನಿಲ್ಲಿಸಿ ಏಳುತ್ತಾರೆ. ಊಟ ಮುಗಿಸಿ ಬಂದು ಒತ್ತಿದರೆ ನಿಲ್ಲಿಸಿದ ಚೆಂಡಿನಿಂದಲೇ ಶುರುವಾಗುತ್ತದೆ. ಅಷ್ಟು ಹೊತ್ತು ಆ ಆಟ ಎಲ್ಲಿತ್ತು? ಆಟಗಾರರು ಮೈದಾನದಲ್ಲಿ ನಮಗಾಗಿ ನಿಂತಿರಲಿಲ್ಲವಲ್ಲ!"

ಕೇಳಿದರೆ ಹೀಗೆ ಕೇಳಬೇಕು. ಒಂದು ಮಾತಿನ ಉತ್ತರ ಬೇಕೆಂದರೆ, ಪುಟ್ಟೀ, ಆಟ ನಿಮ್ಮ ಮನೆಯ ಸೆಟ್ ಟಾಪ್ ಬಾಕ್ಸಿನೊಳಗೆ ತಿರುಗುವ ಒಂದು ಡಿಸ್ಕಿನ ಮೇಲೆ ಇತ್ತು. ಪೆಟ್ಟಿಗೆ ಒಂದು ಕಡೆ ಬರೆದುಕೊಳ್ಳುತ್ತಲೇ ಇತ್ತು, ನೀವು ಊಟ ಮಾಡುತ್ತಿದ್ದಿರಿ. ಆದರೆ ಒಂದು ಮಾತಿನ ಉತ್ತರ ಕೊಟ್ಟು ಕಳಿಸುವ ಅಭ್ಯಾಸ ನನಗೆ ಕೌಂಟರಿನಲ್ಲಿ ಕುಳಿತಾಗಲೂ ಇರಲಿಲ್ಲ. ಅಗ್ಗದ, ಕೂಸಿನಂಥ ಒಂದು ಕಂಪ್ಯೂಟರು ಏಕಕಾಲಕ್ಕೆ ಬರೆಯುವುದನ್ನೂ ಓದುವುದನ್ನೂ ಒಂದು ಕ್ಷಣ ತಡವಾಗದಂತೆ ಮಾಡಲು ಕಲಿತದ್ದು ಹೇಗೆ ಎಂಬುದಕ್ಕೆ ಒಂದು ಕಥೆಯೇ ಇದೆ. ಕಥೆಯ ಕೊನೆಗೆ ಒಂದು ಜಗಳವೂ ಇದೆ.

ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ. 1987ರಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ 'ರಾಮಾಯಣ' ಬರುವಾಗ ಬೀದಿಗಳು ಖಾಲಿ. ಆ ಹೊತ್ತಿಗೆ ಮನೆಗೆ ನೆಂಟರು ಬಂದರೂ ಮಾತಿಲ್ಲ. ತಪ್ಪಿದರೆ ತಪ್ಪಿತು. ವಿ.ಸಿ.ಆರ್. ಇದ್ದ ಉಳ್ಳವರ ಮನೆಯಲ್ಲಿ ಮಾತ್ರ ಕ್ಯಾಸೆಟ್ಟಿನಲ್ಲಿ ತುಂಬಿಟ್ಟು ಮಧ್ಯಾಹ್ನ ನೋಡಬಹುದಿತ್ತು. ಅಮೆರಿಕದಲ್ಲಿ ಅದೂ ಸುಲಭವಾಗಿ ಸಿಕ್ಕ ಹಕ್ಕಲ್ಲ. ಮನೆಯಲ್ಲಿ ಕಾರ್ಯಕ್ರಮ ಮುದ್ರಿಸಿಕೊಳ್ಳುವುದು ಕಳ್ಳತನ ಎಂದು ಸಿನಿಮಾ ಕಂಪನಿಗಳು ಸೋನಿ ಕಂಪನಿಯನ್ನು ಕೋರ್ಟಿಗೆ ಎಳೆದವು. 1984ರ ಜನವರಿಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರ ಬಹುಮತದಿಂದ, ಆಮೇಲೆ ನೋಡಲೆಂದು ಮನೆಯಲ್ಲಿ ಮುದ್ರಿಸಿಕೊಂಡರೆ ತಪ್ಪಿಲ್ಲ ಎಂದಿತು. ಒಬ್ಬ ನ್ಯಾಯಮೂರ್ತಿ ಆ ಕಡೆ ವಾಲಿದ್ದರೆ ಇವತ್ತಿನ ಈ ಲೇಖನವೇ ಇರುತ್ತಿರಲಿಲ್ಲ.

ಆದರೆ ವಿ.ಸಿ.ಆರ್.ಗೆ ಒಂದು ಮಿತಿ ಇತ್ತು. ಟೇಪು ಒಂದು, ಅದರ ಮುಂದೆ ಓಡುವ ತಲೆಯೂ ಒಂದೇ ಜಾಗದಲ್ಲಿ. ಅದು ಬರೆಯುತ್ತಿರುವಾಗ ಅದೇ ಟೇಪಿನ ಹಿಂದಿನ ಭಾಗ ನೋಡಲಾಗದು. ಹತ್ತು ನಿಮಿಷ ತಡವಾಗಿ ಮನೆಗೆ ಬಂದವನು ಕಾರ್ಯಕ್ರಮ ಪೂರ್ತಿ ಮುಗಿಯುವವರೆಗೆ ಕಾದು, ರಿವೈಂಡ್ ಮಾಡಿ, ಆಮೇಲೆ ನೋಡಬೇಕು. ಡಿಸ್ಕಾದರೆ ಹಾಗಲ್ಲ. ಟೇಪು ಸುರುಳಿಯಾದರೆ ಡಿಸ್ಕು ಲೆಡ್ಜರ್. ಯಾವ ಪುಟಕ್ಕೆ ಬೇಕಾದರೂ ಜಿಗಿಯಬಹುದು. ಈ ಪುಟದಲ್ಲಿ ಒಂದು ನಮೂದು ಬರೆದು, ಹತ್ತು ಪುಟ ಹಿಂದೆ ಹೋಗಿ ಒಂದು ಸಾಲು ಓದಿ, ಮತ್ತೆ ಬಂದು ಬರೆಯಬಹುದು. ಬೇಗ ಬೇಗ ಹೀಗೆ ಓಡಾಡಿದರೆ ಎದುರಿಗಿರುವವನಿಗೆ ಎರಡೂ ಕೆಲಸ ಒಟ್ಟಿಗೆ ಆದಂತೆ ಕಾಣುತ್ತದೆ.

ಇದನ್ನು ಮನೆಮನೆಗೆ ತಂದವರಲ್ಲಿ ಮೊದಲಿಗರು ಜಿಮ್ ಬಾರ್ಟನ್ ಮತ್ತು ಮೈಕ್ ರ್‍ಯಾಮ್ಸೆ. ಇಬ್ಬರೂ ಕ್ಯಾಲಿಫೋರ್ನಿಯಾದ ಸಿಲಿಕಾನ್ ಗ್ರಾಫಿಕ್ಸ್ ಕಂಪನಿಯಲ್ಲಿದ್ದವರು. ಟೈಮ್ ವಾರ್ನರ್ ಕಂಪನಿ 1994ರ ಕೊನೆಯಲ್ಲಿ ಫ್ಲಾರಿಡಾದ ಒರ್ಲ್ಯಾಂಡೊ ಊರಿನಲ್ಲಿ ಒಂದು ಪ್ರಯೋಗ ಶುರು ಮಾಡಿತ್ತು. ಊರಿಗೊಂದು ದೊಡ್ಡ ಕಂಪ್ಯೂಟರಿನಲ್ಲಿ ಸಿನಿಮಾ ತುಂಬಿಟ್ಟು, ಯಾರು ಯಾವಾಗ ಕೇಳಿದರೂ ತಂತಿಯ ಮೂಲಕ ಕಳಿಸುವ ಯೋಜನೆ. ಅದಕ್ಕೆ ಯಂತ್ರಗಳನ್ನು ಒದಗಿಸಿದ್ದು ಸಿಲಿಕಾನ್ ಗ್ರಾಫಿಕ್ಸ್. ಕೆಲಸವೇನೋ ಮಾಡಿತು, ಖರ್ಚು ಮಾತ್ರ ಕೈಗೆಟುಕಲಿಲ್ಲ. 1997ರಲ್ಲಿ ಬಾಗಿಲು ಹಾಕಿದರು. ಅದೇ ವರ್ಷ ಈ ಇಬ್ಬರೂ ಸೇರಿ ಹೊಸ ಕಂಪನಿ ತೆರೆದರು. ಊರಿಗೊಂದು ದೊಡ್ಡ ಉಗ್ರಾಣದ ಬದಲು ಮನೆಗೊಂದು ಸಣ್ಣ ಕಣಜ ಎಂಬುದು ಅವರ ಲೆಕ್ಕ. 1999ರ ಮಾರ್ಚ್ ಕೊನೆಗೆ ಮೊದಲ ಪೆಟ್ಟಿಗೆಗಳು ಹೊರಬಿದ್ದವು. ಹೆಸರು ಟಿವೊ.

ಪೆಟ್ಟಿಗೆಯೊಳಗೆ ಇದ್ದದ್ದೆಷ್ಟು ನೋಡಿ. 54 ಮೆಗಾಹರ್ಟ್ಸ್ ವೇಗದ ಒಂದು ಐ.ಬಿ.ಎಂ. ಪವರ್‌ಪಿಸಿ ಚಿಪ್ಪು. ಆ ವರ್ಷ ಮೇಜಿನ ಮೇಲಿನ ಹೊಸ ಕಂಪ್ಯೂಟರುಗಳು 450, 500 ಮೆಗಾಹರ್ಟ್ಸ್ ಮುಟ್ಟಿದ್ದವು. ಮೆಮೊರಿ 16 ಎಂ.ಬಿ. ಇವತ್ತು ನೀವು ಫೋನಿನಲ್ಲಿ ತೆಗೆಯುವ ನಾಲ್ಕೈದು ಫೋಟೊ ಸೇರಿದರೆ ಅಷ್ಟಾಗುತ್ತದೆ. ಡಿಸ್ಕು 13.6 ಜಿ.ಬಿ. ಅದರಲ್ಲಿ 14 ಗಂಟೆಯ ಕಾರ್ಯಕ್ರಮ ಹಿಡಿಯುತ್ತದೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರು.

ಅಂಕಿ ಕಂಡ ಕೂಡಲೇ ಗುಣಿಸುವ ಚಾಳಿ ನನ್ನದು. ಅಮೆರಿಕದ ಟಿ.ವಿ. ಚಿತ್ರ ಒಂದನ್ನು ಅಡ್ಡಕ್ಕೆ 720, ಉದ್ದಕ್ಕೆ 480 ಚುಕ್ಕೆಗಳಾಗಿ ಬಿಡಿಸುತ್ತಾರೆ. ಗುಣಿಸಿದರೆ 3,45,600 ಚುಕ್ಕೆ. ಸೆಕೆಂಡಿಗೆ ಸುಮಾರು 30 ಚಿತ್ರ. ಚುಕ್ಕೆಗೆ 2 ಬೈಟು ಎಂದರೂ ಸೆಕೆಂಡಿಗೆ 2 ಕೋಟಿ 7 ಲಕ್ಷ ಬೈಟು. ಹಾಗೇ ಸುರಿದರೆ 13.6 ಜಿ.ಬಿ. ಡಿಸ್ಕು ಹನ್ನೊಂದು ನಿಮಿಷಕ್ಕೆ ತುಂಬಿಹೋಗುತ್ತದೆ. 16 ಎಂ.ಬಿ. ಮೆಮೊರಿಗೆ ಒಂದು ಸೆಕೆಂಡಿನ ಚಿತ್ರವೂ ಹಿಡಿಯದು. ಹನ್ನೊಂದು ನಿಮಿಷದ ಜಾಗದಲ್ಲಿ 14 ಗಂಟೆ ತುಂಬಿಸಬೇಕಾದರೆ ಎಪ್ಪತ್ತಾರು ಎಪ್ಪತ್ತೇಳು ಪಟ್ಟು ಕುಗ್ಗಿಸಬೇಕು.

ಕುಗ್ಗಿಸುವ ಉಪಾಯದ ಹೆಸರು ಎಂಪೆಗ್. ಬ್ಯಾಂಕಿನ ಪಾಸ್‌ಬುಕ್ ನೋಡಿದವರಿಗೆ ಇದು ಅರ್ಥವಾಗಲು ಕಷ್ಟವಿಲ್ಲ. ನಿಮ್ಮ ಖಾತೆಯಲ್ಲಿ ಪ್ರತಿ ಕ್ಷಣ ಎಷ್ಟು ಹಣವಿತ್ತು ಎಂದು ನಾವು ಬರೆಯುವುದಿಲ್ಲ. ಆರಂಭದ ಶಿಲ್ಕು ಬರೆದು, ಆಮೇಲೆ ಬಂದದ್ದು ಹೋದದ್ದು ಮಾತ್ರ ಬರೆಯುತ್ತೇವೆ. ಎಂಪೆಗ್ ಕೂಡ ಒಂದು ಪೂರ್ಣ ಚಿತ್ರ ಬರೆದಿಟ್ಟು, ಮುಂದಿನ ಚಿತ್ರಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುತ್ತದೆ. ವಾರ್ತೆ ಓದುವವರ ಹಿಂದಿನ ಗೋಡೆ ಬದಲಾಗಿಲ್ಲ, ತುಟಿ ಮಾತ್ರ ಅಲ್ಲಾಡಿದೆ. ಗೋಡೆಯನ್ನು ಮತ್ತೆ ಮತ್ತೆ ಬರೆಯುವುದೇಕೆ? ಪುಟದ ತುದಿಯಲ್ಲಿ ನಾವು ಶಿಲ್ಕನ್ನು ಮುಂದಕ್ಕೆ ಒಯ್ಯುವಂತೆ, ಇದೂ ಸಾಮಾನ್ಯವಾಗಿ ಅರ್ಧ ಸೆಕೆಂಡಿಗೊಮ್ಮೆ ಪೂರ್ಣ ಚಿತ್ರ ಬರೆಯುತ್ತದೆ. ನೀವು ರಿಮೋಟಿನಲ್ಲಿ ವೇಗವಾಗಿ ಓಡಿಸಿದಾಗ ಚಿತ್ರ ತಟತಟನೆ ಜಿಗಿಯುವುದು ಕಂಡಿದ್ದೀರಲ್ಲ, ಆಗ ಪೆಟ್ಟಿಗೆ ಆ ಪೂರ್ಣ ಚಿತ್ರಗಳನ್ನು ಮಾತ್ರ ತೋರಿಸುತ್ತಿರುತ್ತದೆ.

ಈ ಕುಗ್ಗಿಸುವ ಕೂಲಿಯನ್ನು 54 ಮೆಗಾಹರ್ಟ್ಸಿನ ಬಡ ಚಿಪ್ಪು ಹೊರಲಾರದು. ಅದಕ್ಕೆಂದೇ ಬೇರೆ ಚಿಪ್ಪು, ಮತ್ತೆ ಬಿಡಿಸಿ ತೋರಿಸಲು ಇನ್ನೊಂದು. ಮುಖ್ಯ ಚಿಪ್ಪಿನದು ಮೇಲ್ವಿಚಾರಣೆ. ಮೇಲ್ವಿಚಾರಣೆ ಎಂದರೆ ಆಪರೇಟಿಂಗ್ ಸಿಸ್ಟಂ ಬೇಕು. ಅದು ಶಾಖೆಯ ಮ್ಯಾನೇಜರ್ ಇದ್ದಂತೆ. ಯಾರು ಯಾವ ಕೌಂಟರಿಗೆ ಕೂರಬೇಕು, ಯಾವ ಕಡತ ಮೊದಲು, ಯಾರಿಗೆ ಎಷ್ಟು ಹೊತ್ತು ಎಂದು ನಿರ್ಧರಿಸುವುದು ಅದೇ. ಟಿವೊದವರು ಆರಿಸಿಕೊಂಡದ್ದು ಲಿನಕ್ಸ್.

ಲಿನಕ್ಸ್ 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯಲು ಶುರು ಮಾಡಿದ ತಂತ್ರಾಂಶ. ಆಗ ಆತನಿಗೆ ಇಪ್ಪತ್ತೊಂದು ವರ್ಷ. ಮರು ವರ್ಷ ಅದನ್ನು ಜಿ.ಪಿ.ಎಲ್. ಎಂಬ ಪರವಾನಗಿಯ ಕೆಳಗೆ ಹಂಚಿದ. ಆ ಪರವಾನಗಿ ಬರೆದವರು ಅಮೆರಿಕದ ರಿಚರ್ಡ್ ಸ್ಟಾಲ್‌ಮನ್. ಅದರ ಷರತ್ತು ನಮ್ಮ ಕಡೆ ಬೀಜದ ಭತ್ತ ಕೊಡುವವರು ಹಾಕುವ ಷರತ್ತಿನ ಹಾಗೆ. ಬೇಕಾದವರು ತೆಗೆದುಕೊಂಡು ಹೋಗಿ, ದುಡ್ಡು ಬೇಡ. ತಿದ್ದಿ ಸುಧಾರಿಸಿ. ಆದರೆ ಸುಧಾರಿಸಿದ್ದನ್ನು ಬೇರೆಯವರಿಗೆ ಕೊಟ್ಟರೆ ಅದರ ಮೂಲ ಬರಹವನ್ನೂ ಅವರಿಗೆ ಕೊಡಬೇಕು. ಹೊಸ ಕಂಪನಿಗೆ ಇದು ಎರಡು ರೀತಿಯಲ್ಲಿ ಅನುಕೂಲವಾಯಿತು. ಪೆಟ್ಟಿಗೆಗೆ ಇಷ್ಟು ಎಂದು ಯಾರಿಗೂ ಕಪ್ಪ ಕೊಡಬೇಕಿಲ್ಲ. ಒಳಗೆ ಕೈಹಾಕಿ ಬೇಕಾದ ಹಾಗೆ ತಿದ್ದಿಕೊಳ್ಳಬಹುದು.

ತಿದ್ದಲೇಬೇಕಿತ್ತು. ಯಾಕೆಂದರೆ ಲಿನಕ್ಸ್ ಬೆಳೆದದ್ದು ಹಲವರು ಒಟ್ಟಿಗೆ ಬಳಸುವ ಕಂಪ್ಯೂಟರುಗಳ ಮೇಲೆ. ಅದರ ಧರ್ಮ ಎಲ್ಲರಿಗೂ ಸಮಪಾಲು. ಸರದಿಯಲ್ಲಿ ನಿಂತವರಿಗೆಲ್ಲ ಸ್ವಲ್ಪ ಸ್ವಲ್ಪ ಹೊತ್ತು ಕೊಡು, ಯಾರನ್ನೂ ಕಾಯಿಸಬೇಡ, ಒಟ್ಟು ಕೆಲಸ ಹೆಚ್ಚಾಗಲಿ. ಒಳ್ಳೆಯ ಧರ್ಮವೇ. ವಿಡಿಯೊಗೆ ಮಾತ್ರ ಒಗ್ಗದು. ಮನಿಯಾರ್ಡರ್ ಎರಡು ದಿನ ತಡವಾಗಿ ಬಂದರೂ ಹಣ ಹಣವೇ. ಸೆಕೆಂಡಿನ ಮೂವತ್ತನೆಯ ಒಂದು ಪಾಲಿನೊಳಗೆ ಬರಬೇಕಾದ ಚಿತ್ರ ತಡವಾಗಿ ಬಂದರೆ ಅದು ಕಸ. ಜಾತ್ರೆ ಮುಗಿದ ಮೇಲೆ ಬಂದ ಬತ್ತಾಸು ಮಾರುವವನಂತೆ. ಎಂಜಿನಿಯರುಗಳು 'ರಿಯಲ್ ಟೈಮ್' ಎನ್ನುವುದು ಇದಕ್ಕೇ. ವೇಗವಾಗಿ ಎಂದಲ್ಲ ಅದರ ಅರ್ಥ, ಹೇಳಿದ ಹೊತ್ತಿಗೆ ಎಂದು.

ಎಲ್ಲಕ್ಕಿಂತ ದೊಡ್ಡ ತಲೆನೋವು ಡಿಸ್ಕು. ಅದರೊಳಗೆ ಗ್ರಾಮಾಫೋನಿನಂತೆ ಒಂದು ತೋಳು ಇರುತ್ತದೆ. ಬೇಕಾದ ಜಾಗಕ್ಕೆ ತೋಳು ಸರಿಯಬೇಕು, ಆಮೇಲೆ ತಟ್ಟೆ ತಿರುಗಿ ಆ ಜಾಗ ತೋಳಿನ ಕೆಳಗೆ ಬರಬೇಕು. ಆ ಕಾಲದ ಸಾಧಾರಣ ಡಿಸ್ಕಿಗೆ ಇದಕ್ಕೆ 15 ಮಿಲಿಸೆಕೆಂಡು ಎಂದು ಇಟ್ಟುಕೊಳ್ಳೋಣ. 14 ಗಂಟೆಗೆ 13.6 ಜಿ.ಬಿ. ಎಂದರೆ ಸೆಕೆಂಡಿಗೆ ಸುಮಾರು 2 ಲಕ್ಷ 70 ಸಾವಿರ ಬೈಟು. ಇದನ್ನು ಡಿಸ್ಕಿನ ತುಂಬ ಚದರಿದ ನಾಲ್ಕು ನಾಲ್ಕು ಕೆ.ಬಿ. ತುಂಡುಗಳಾಗಿ ಇಟ್ಟರೆ ಸೆಕೆಂಡಿಗೆ 66 ತುಂಡು. 66 ಸಲ ತೋಳು ಓಡಾಡಲು 66 ಗುಣಿಸು 15, ಅಂದರೆ 990 ಮಿಲಿಸೆಕೆಂಡು. ಇಡೀ ಸೆಕೆಂಡು ಬರೆಯುವುದರಲ್ಲೇ ಮುಗಿಯಿತು! ನೋಡುವುದಕ್ಕೆ ಸಮಯ ಎಲ್ಲಿ?

ಈಗ ತುಂಡನ್ನು ದೊಡ್ಡದು ಮಾಡಿ. 128 ಕೆ.ಬಿ.ಯ ತುಂಡಾದರೆ ಸೆಕೆಂಡಿಗೆ ಎರಡು ಸಾಕು. ತೋಳು ಸರಿಯಲು 15, ತುಂಡು ಓದಲು ಸುಮಾರು 13, ಒಟ್ಟು 28 ಮಿಲಿಸೆಕೆಂಡು. ಬರೆಯುವುದಕ್ಕೆ ಎರಡು, ಓದುವುದಕ್ಕೆ ಎರಡು, ನಾಲ್ಕು ತುಂಡಿಗೆ 112. ಸೆಕೆಂಡಿನ ಒಂಬತ್ತರಲ್ಲಿ ಒಂದು ಪಾಲು. ಉಳಿದ ಹೊತ್ತು ಡಿಸ್ಕು ಕಾಲು ಚಾಚಿ ಕೂರಬಹುದು. ಯಂತ್ರ ಅದೇ, ವೇಗ ಅದೇ. ಸಾಮಾನು ಜೋಡಿಸಿದ ರೀತಿ ಬೇರೆ, ಅಷ್ಟೇ. ತರಕಾರಿಗೆ ಪೇಟೆಗೆ ಹೋದವರು ಒಂದೊಂದೇ ಮೆಣಸಿನಕಾಯಿಗೆ ಒಂದೊಂದು ಸಲ ಹೋಗುವುದಿಲ್ಲವಲ್ಲ. ಟಿವೊದವರು ಇದಕ್ಕಾಗಿ ತಮ್ಮದೇ ಕಡತ ವ್ಯವಸ್ಥೆ ಕಟ್ಟಿಕೊಂಡರು. ಕಾರ್ಯಕ್ರಮದ ಹೆಸರು, ತಾರೀಕಿನಂಥ ಚಿಲ್ಲರೆ ವಿವರಗಳಿಗೆ ಡಿಸ್ಕಿನ ಒಂದು ಭಾಗ, ವಿಡಿಯೊಗೆ ದೊಡ್ಡ ದೊಡ್ಡ ತುಂಡುಗಳ ಬೇರೆ ಭಾಗ.

ಎರಡನೆಯದು ಮರುನಕಲಿನ ಕಾಟ. ಸಾಮಾನ್ಯ ಕಂಪ್ಯೂಟರಿನಲ್ಲಿ ಡಿಸ್ಕಿನಿಂದ ಓದಿದ್ದನ್ನು ಆಪರೇಟಿಂಗ್ ಸಿಸ್ಟಂ ಮೊದಲು ತನ್ನ ಕಪಾಟಿನಲ್ಲಿ ಇಟ್ಟುಕೊಂಡು, ಆಮೇಲೆ ಕೇಳಿದ ಕ್ರಮವಿಧಿಗೆ ಒಂದು ನಕಲು ಕೊಡುತ್ತದೆ. ಅದನ್ನೇ ಇನ್ನೊಬ್ಬರು ಕೇಳಿದರೆ ಕೈಯಲ್ಲೇ ಇರಲಿ ಎಂಬ ಜಾಣತನ. ವಿಡಿಯೊವನ್ನು ಯಾರೂ ಹಾಗೆ ಮತ್ತೆ ಮತ್ತೆ ಕೇಳುವುದಿಲ್ಲ. ಒಂದು ಸಲ ತೋರಿಸಿದರೆ ಮುಗಿಯಿತು. 16 ಎಂ.ಬಿ. ಮೆಮೊರಿ ಎಂದರೆ ಕುಗ್ಗಿಸಿದ ವಿಡಿಯೊ ಒಂದೇ ನಿಮಿಷ. ಅದನ್ನೇ ಕಪಾಟಿನಲ್ಲಿ ತುಂಬಿಕೊಂಡರೆ ಬೇರೆಯವರಿಗೆ ಕೂರಲು ಜಾಗವಿಲ್ಲ. ಹಾಗಾಗಿ ಇಂಥ ಪೆಟ್ಟಿಗೆಗಳಲ್ಲಿ ವಿಡಿಯೊ ಆ ಕಪಾಟನ್ನು ಹೊಗದೆ ನೇರವಾಗಿ ಡಿಸ್ಕಿಗೂ ಚಿಪ್ಪಿಗೂ ನಡುವೆ ಸಾಗುವಂತೆ ಮಾಡುತ್ತಾರೆ. ಮುಖ್ಯ ಚಿಪ್ಪು ಅದನ್ನು ಕೈಯಿಂದ ಮುಟ್ಟುವುದೇ ಇಲ್ಲ. ಮ್ಯಾನೇಜರು ನೋಟಿನ ಕಟ್ಟು ಎಣಿಸುತ್ತಾ ಕೂರುತ್ತಾರೆಯೇ? ಸ್ಟ್ರಾಂಗ್ ರೂಮಿನಿಂದ ಕ್ಯಾಶ್ ಕೌಂಟರಿಗೆ ಪೆಟ್ಟಿಗೆ ಹೋಗಲಿ ಎಂದು ಸಹಿ ಹಾಕುತ್ತಾರೆ, ಅಟೆಂಡರು ಒಯ್ಯುತ್ತಾರೆ.

ಮೂರನೆಯದು ಆದ್ಯತೆ. ವಿಡಿಯೊ ಕೆಲಸ ಬಂದಾಗ ಮಿಕ್ಕವರೆಲ್ಲ ದಾರಿ ಬಿಡಬೇಕು. ಕೇಳಲು ಸುಲಭ, ಮಾಡಲು ಅಲ್ಲ. ಸ್ಟ್ರಾಂಗ್ ರೂಮಿನ ಬೀಗದ ಕೈ ಒಬ್ಬ ಕಿರಿಯ ಗುಮಾಸ್ತನ ಹತ್ತಿರ ಇದೆ ಎನ್ನಿ. ಮ್ಯಾನೇಜರಿಗೆ ಅದು ಈಗಲೇ ಬೇಕು. ಆದರೆ ಆ ಗುಮಾಸ್ತನನ್ನು ಮಧ್ಯದಲ್ಲೊಬ್ಬ ಅಧಿಕಾರಿ ಇನ್ಯಾವುದೋ ಹರಟೆಗೆ ಹಿಡಿದು ಕೂರಿಸಿದ್ದಾನೆ. ಮ್ಯಾನೇಜರೇ ಕಾಯಬೇಕಾಯಿತು. ಕಂಪ್ಯೂಟರಿನಲ್ಲೂ ಹೀಗೇ ಆಗುತ್ತದೆ. 1997ರಲ್ಲಿ ಮಂಗಳ ಗ್ರಹಕ್ಕಿಳಿದ ನಾಸಾದ ಪಾತ್‌ಫೈಂಡರ್ ನೌಕೆ ಇದ್ದಕ್ಕಿದ್ದಂತೆ ತನ್ನನ್ನು ತಾನೇ ಮತ್ತೆ ಮತ್ತೆ ಹೊಸದಾಗಿ ಶುರು ಮಾಡಿಕೊಳ್ಳುತ್ತಿತ್ತು. ನೋಡಿದರೆ ಹವಾಮಾನ ದಾಖಲಿಸುವ ಸಣ್ಣ ಕೆಲಸವೊಂದು ಬೀಗದ ಕೈ ಹಿಡಿದು ಕುಳಿತಿತ್ತು, ಅತಿ ಮುಖ್ಯ ಕೆಲಸ ಬಾಗಿಲಲ್ಲಿ ಕಾಯುತ್ತಿತ್ತು, ನಡುವೆ ಮತ್ತೊಂದು ಕೆಲಸ ಅಡ್ಡ. ಬೀಗದ ಕೈ ಹಿಡಿದವನಿಗೆ ಅಷ್ಟು ಹೊತ್ತು ಮ್ಯಾನೇಜರನ ದರ್ಜೆಯನ್ನೇ ಕೊಟ್ಟುಬಿಡು ಎಂಬ ನಿಯಮವನ್ನು ಭೂಮಿಯಿಂದಲೇ ಕಳಿಸಿ ಸರಿಪಡಿಸಿದರು. ಆ ನೌಕೆಯಲ್ಲಿ ಇದ್ದದ್ದು ಲಿನಕ್ಸ್ ಅಲ್ಲ, ಬೇರೆ. ಆದರೆ ಕಾಯಿಲೆ ಎಲ್ಲರದೂ ಒಂದೇ. ಲಿನಕ್ಸಿನೊಳಗೆ ಹೇಳಿದ ಹೊತ್ತಿಗೆ ಕೆಲಸ ಮುಗಿಸುವ ಪೂರ್ಣ ಏರ್ಪಾಡನ್ನು ಸುಮಾರು ಇಪ್ಪತ್ತು ವರ್ಷ ಹೊರಗೇ ಬೆಳೆಸಿ, 2024ರಲ್ಲಿ ಮುಖ್ಯ ತಿರುಳಿಗೆ ಸೇರಿಸಿಕೊಂಡರು. ಅವಸರವಿಲ್ಲದ ಜನ.

ವಿದ್ಯುತ್ತಿನ ವಿಷಯ ಹೇಳದಿದ್ದರೆ ನಮ್ಮ ಊರಿನವರು ಒಪ್ಪುವುದಿಲ್ಲ. ಕಂಪ್ಯೂಟರನ್ನು ಕ್ರಮವಾಗಿ ಆರಿಸಬೇಕು ಎನ್ನುತ್ತಾರೆ. ಟಿ.ವಿ. ಪೆಟ್ಟಿಗೆಯನ್ನು ಯಾರು ಕ್ರಮವಾಗಿ ಆರಿಸುತ್ತಾರೆ? ಟಿವೊಗೆ ಆರಿಸುವ ಗುಂಡಿಯೇ ಇರಲಿಲ್ಲ. ಪ್ಲಗ್ ಕಿತ್ತರೆ ಆಯಿತು. ಬರೆಯುತ್ತಿರುವಾಗಲೇ ಕರೆಂಟು ಹೋದರೆ? ಅದಕ್ಕೆ ಅವರು ಮಾಡಿದ್ದು ನಮ್ಮ ಹಿರಿಯರು ಮಾಡಿದ್ದನ್ನೇ. ಯಾವ ಬದಲಾವಣೆಯಾದರೂ ಮೊದಲು ದಿನವಹಿಯಲ್ಲಿ ಬರೆ, ಆಮೇಲೆ ಲೆಡ್ಜರಿಗೆ ಹತ್ತಿಸು. ನಡುವೆ ದೀಪ ಹೋದರೆ, ಬಂದ ಮೇಲೆ ದಿನವಹಿ ನೋಡಿ ಹತ್ತದೆ ಉಳಿದದ್ದನ್ನು ಹತ್ತಿಸು. ಕೆಲವು ಸೆಕೆಂಡಿನ ಚಿತ್ರ ಹೋದೀತು, ಇಡೀ ಪುಸ್ತಕ ಕೆಡುವುದಿಲ್ಲ. ಕಂಪ್ಯೂಟರಿನವರು ಇದಕ್ಕೆ 'ಜರ್ನಲ್' ಎಂದು ನಮ್ಮ ಕಾಮರ್ಸಿನ ಹೆಸರನ್ನೇ ಇಟ್ಟಿದ್ದಾರೆ. ಬಿ.ಕಾಂ. ಓದಿದವರಿಗೆ ಇದಕ್ಕಿಂತ ಮರ್ಯಾದೆ ಏನು ಬೇಕು!

ನಿಮ್ಮ ಬೀದಿಯ ಅಂಗಡಿಯ ಸಿಸಿಟಿವಿ ಪೆಟ್ಟಿಗೆಯಲ್ಲಿ ನಡೆಯುವುದೂ ಇದೇ ಸಂಸಾರ. ಅದಕ್ಕೆಂದು ಮಾರುವ ಡಿಸ್ಕುಗಳು ಹಾಳಾದ ಜಾಗ ಸಿಕ್ಕರೆ ಮತ್ತೆ ಮತ್ತೆ ಓದಲು ಹಟ ಹಿಡಿಯದೆ ಮುಂದೆ ಹೋಗುವಂತೆ ತಯಾರಾಗಿರುತ್ತವೆ. ಒಂದು ಚುಕ್ಕೆ ಹೋದರೆ ಹೋಗಲಿ, ಓಟ ನಿಲ್ಲದಿರಲಿ ಎಂದು. ಬ್ಯಾಂಕಿನ ಲೆಕ್ಕಕ್ಕೆ ಅಂಥ ಡಿಸ್ಕು ಆಗದು. ಡಿಸ್ಕು ತುಂಬಿದಾಗ ಅವು ಅತಿ ಹಳೆಯದರ ಮೇಲೆ ಹೊಸದನ್ನು ಬರೆಯುತ್ತವೆ. ಎಂಟು ಕ್ಯಾಮರಾ, ಒಂದೊಂದಕ್ಕೆ ಸೆಕೆಂಡಿಗೆ ಎರಡೂವರೆ ಲಕ್ಷ ಬೈಟು ಎಂದರೆ ಒಟ್ಟು 20 ಲಕ್ಷ. ಒಂದು ಟೆರಾಬೈಟ್, ಅಂದರೆ ಒಂದು ಲಕ್ಷ ಕೋಟಿ ಬೈಟಿನ ಡಿಸ್ಕು 5 ಲಕ್ಷ ಸೆಕೆಂಡಿಗೆ ತುಂಬುತ್ತದೆ. ಆರು ದಿನಕ್ಕೂ ಸ್ವಲ್ಪ ಕಡಿಮೆ. ಸೈಕಲ್ ಕಳುವಾಯಿತು, ಮುಂದಿನ ಭಾನುವಾರ ಪುರುಸೊತ್ತು ಮಾಡಿಕೊಂಡು ಹೋಗಿ ಕೇಳೋಣ ಎಂದರೆ ಅಷ್ಟರಲ್ಲಿ ಕಳ್ಳನ ಮೇಲೆ ಬೇರೆ ಗಿರಾಕಿಗಳು ಬರೆದುಹೋಗಿರುತ್ತಾರೆ. ಅದೇ ದಿನ ಕೇಳಿ ನಕಲು ತೆಗೆಸಿಡಿ.

ಇನ್ನು ಜಗಳ.

ಮೊದಲ ಟಿವೊ ಪೆಟ್ಟಿಗೆಗಳನ್ನು ಕೊಂಡವರಲ್ಲಿ ಸ್ಕ್ರೂಡ್ರೈವರ್ ಹಿಡಿದವರೂ ಇದ್ದರು. ಮುಚ್ಚಳ ತೆಗೆದು ದೊಡ್ಡ ಡಿಸ್ಕು ಹಾಕಿಕೊಂಡರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಆ್ಯಂಡ್ರೂ ಟ್ರಿಜೆಲ್ ಎಂಬ ಹೆಸರಾಂತ ತಂತ್ರಾಂಶಗಾರರಿದ್ದಾರೆ. ಆ ದೇಶದಲ್ಲಿ ಆಗ ಟಿವೊ ಮಾರುತ್ತಲೇ ಇರಲಿಲ್ಲ. ಅಲ್ಲಿನ ಟಿ.ವಿ. ನಮ್ಮ ದೂರದರ್ಶನದಂತೆ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಅಮೆರಿಕದ ಪೆಟ್ಟಿಗೆಗೆ ಅದು ಪರಭಾಷೆ. ಅವರು ಆ ವಿಚಿತ್ರ ಕಡತ ವ್ಯವಸ್ಥೆಯನ್ನು ಹೊರಗಿನಿಂದ ನೋಡಿ ನೋಡಿಯೇ ಅರ್ಥ ಮಾಡಿಕೊಂಡು, ಪೆಟ್ಟಿಗೆಗೆ ಪಾಲ್ ಕಲಿಸಿ, ನೆಟ್‌ವರ್ಕ್ ಕಾರ್ಡನ್ನೂ ಜೋಡಿಸಿದರು. ಕಂಪನಿ ಲಿನಕ್ಸಿನಲ್ಲಿ ತಾನು ತಿದ್ದಿದ ಭಾಗವನ್ನು ಪರವಾನಗಿಯ ಪ್ರಕಾರ ಪ್ರಕಟಿಸಿಯೂ ಇತ್ತು.

2002ರಲ್ಲಿ ಎರಡನೆಯ ತಲೆಮಾರಿನ ಪೆಟ್ಟಿಗೆ ಬಂತು. ಅದರೊಳಗೆ ಒಂದು ಹೊಸ ಕಾವಲು. ಪೆಟ್ಟಿಗೆ ಎದ್ದ ಕೂಡಲೇ ತನ್ನೊಳಗಿನ ಲಿನಕ್ಸಿಗೆ ಕಂಪನಿಯ ಗುಪ್ತ ಸಹಿ ಇದೆಯೇ ಎಂದು ನೋಡುತ್ತದೆ. ಇಲ್ಲದಿದ್ದರೆ ಏಳುವುದೇ ಇಲ್ಲ. ಕಂಪನಿ ಮೂಲ ಬರಹವನ್ನು ಕೊಡುತ್ತದೆ, ಪರವಾನಗಿಯ ಅಕ್ಷರ ಮುರಿದಿಲ್ಲ. ನೀವು ಅದನ್ನು ಓದಬಹುದು, ತಿದ್ದಬಹುದು. ತಿದ್ದಿದ್ದನ್ನು ನೀವು ಕೊಂಡ ಪೆಟ್ಟಿಗೆಯಲ್ಲೇ ಹಾಕಿ ನಡೆಸುವಂತಿಲ್ಲ.

ಸ್ಟಾಲ್‌ಮನ್ ಸಿಟ್ಟಾದರು. ಇದಕ್ಕೆ 'ಟಿವೊಯಿಸೇಷನ್' ಎಂದೇ ಹೆಸರಿಟ್ಟರು. 2007ರ ಜೂನಿನಲ್ಲಿ ಜಿ.ಪಿ.ಎಲ್.ನ ಮೂರನೆಯ ಆವೃತ್ತಿ ಬಂದಾಗ, ಮನೆಬಳಕೆಯ ಸಾಧನ ಮಾರುವವರು ತಿದ್ದಿದ ತಂತ್ರಾಂಶವನ್ನು ಅದರಲ್ಲಿ ಹಾಕಿಕೊಳ್ಳಲು ಬೇಕಾದ ಮಾಹಿತಿಯನ್ನೂ ಕೊಡಬೇಕು ಎಂದು ಸೇರಿಸಿದರು. ಟೊರ್ವಾಲ್ಡ್ಸ್ ಒಪ್ಪಲಿಲ್ಲ. ತಾನು ಕೇಳುವುದು ತಂತ್ರಾಂಶದಲ್ಲಿ ಮಾಡಿದ ಸುಧಾರಣೆಯನ್ನು ಮಾತ್ರ, ಯಂತ್ರ ಮಾಡಿದವನು ತನ್ನ ಯಂತ್ರಕ್ಕೆ ಬೀಗ ಹಾಕಿದರೆ ಅದು ಅವನ ವಿಷಯ ಎಂಬುದು ಆತನ ನಿಲುವು. ಲಿನಕ್ಸಿನ ತಿರುಳು ಇವತ್ತಿಗೂ ಎರಡನೆಯ ಆವೃತ್ತಿಯಲ್ಲೇ ಇದೆ.

ಕೆಲಸದಲ್ಲಿದ್ದಾಗ ಕೆಲವು ವರ್ಷ ನಾನು ಲಾಕರ್ ವಿಭಾಗದಲ್ಲಿದ್ದೆ. ಲಾಕರಿಗೆ ಎರಡು ಕೀಲಿ. ಒಂದು ಗಿರಾಕಿಯದು, ಒಂದು ಬ್ಯಾಂಕಿನದು. ಎರಡೂ ತಿರುಗಿದರೆ ಬಾಗಿಲು. ಕಟ್ಟಡ ನಮ್ಮದು, ಗೋಡೆ ನಮ್ಮದು, ಕಪಾಟು ನಮ್ಮದು. ಆದರೂ ಗಿರಾಕಿಯ ಕೀಲಿಯಿಲ್ಲದೆ ಮ್ಯಾನೇಜರೂ ಸುಮ್ಮನೆ ತೆರೆಯುವಂತಿಲ್ಲ. ಇಲ್ಲಿ ನೋಡಿ ತಿರುಗುಮುರುಗು. ಪೆಟ್ಟಿಗೆ ನನ್ನ ಮನೆಯಲ್ಲಿದೆ, ದುಡ್ಡು ನನ್ನದು, ಕರೆಂಟ್ ಬಿಲ್ಲು ನನ್ನದು, ಕೀಲಿ ಒಂದೇ, ಅದೂ ಕ್ಯಾಲಿಫೋರ್ನಿಯಾದಲ್ಲಿ. ಕಂಪನಿಯ ಕಡೆಯ ವಾದ ಪೂರ್ತಿ ಟೊಳ್ಳೆಂದು ನಾನು ಹೇಳಲಾರೆ. ಪೆಟ್ಟಿಗೆ ಬಿಚ್ಚಿ ಕಾರ್ಯಕ್ರಮಗಳನ್ನು ಊರಿಗೆಲ್ಲ ಹಂಚಿದರೆ ಟಿ.ವಿ. ಕಂಪನಿಗಳು ಬಿಡುತ್ತವೆಯೇ? ಬೀಗ ಬೇಡವೆಂದು ಲಿನಕ್ಸಿನವರು ಹಟ ಹಿಡಿದಿದ್ದರೆ ತಯಾರಕರು ಬೇರೆ ತಂತ್ರಾಂಶಕ್ಕೆ ಹೋಗುತ್ತಿದ್ದರು, ಆಗ ಮೂಲ ಬರಹವೂ ಸಿಗುತ್ತಿರಲಿಲ್ಲ ಎಂಬ ಮಾತಿನಲ್ಲೂ ತೂಕವಿದೆ. ಇಷ್ಟಾದರೂ ನನ್ನ ಮನಸ್ಸು ಸ್ಟಾಲ್‌ಮನ್ ಕಡೆಗೇ ವಾಲುತ್ತದೆ. ಬೇಕಾದರೆ ಎರಡು ಕೀಲಿ ಇಡಲಿ. ಒಂದಾದರೂ ಮನೆಯವರ ಕೈಯಲ್ಲಿರಬೇಕು.

ಇಂಗ್ಲೆಂಡಿನಲ್ಲಿ ನಡೆದದ್ದನ್ನು ನೋಡಿ. ಟಿವೊ ಪೆಟ್ಟಿಗೆ ಯಾವ ಕಾರ್ಯಕ್ರಮ ಯಾವಾಗ ಎಂಬ ಪಟ್ಟಿಯನ್ನು ಫೋನ್ ತಂತಿಯಲ್ಲಿ ಕಂಪನಿಯನ್ನು ಕರೆದು ತರಿಸಿಕೊಳ್ಳುತ್ತಿತ್ತು. ಆ ಪಟ್ಟಿಯಿಲ್ಲದಿದ್ದರೆ ಅದು ಪಂಚಾಂಗವಿಲ್ಲದ ಪುರೋಹಿತ. ಅಲ್ಲಿ ಮಾರಿದ್ದ ಮೊದಲ ತಲೆಮಾರಿನ ಪೆಟ್ಟಿಗೆಗಳಿಗೆ 2011ರ ಜೂನ್ 1ರಿಂದ ಪಟ್ಟಿ ಕೊಡುವುದನ್ನು ನಿಲ್ಲಿಸಿದರು. ಚೆನ್ನಾಗಿ ಓಡುತ್ತಿದ್ದ ಪೆಟ್ಟಿಗೆಗಳು ಒಂದೇ ದಿನದಲ್ಲಿ ಗುಜರಿಗೆ ಹೋಗಬೇಕಿತ್ತು. ಆದರೆ ಅವು ಸಹಿಯ ಬೀಗ ಬರುವ ಮೊದಲಿನವು. ಬಳಸುತ್ತಿದ್ದವರೇ ಕೆಲವರು ಸೇರಿ, ಸಂಬಳವಿಲ್ಲದೆ ಕೂತು, ಕಾರ್ಯಕ್ರಮದ ಪಟ್ಟಿಯನ್ನು ತಾವೇ ತಯಾರಿಸಿ, ಪೆಟ್ಟಿಗೆ ಕಂಪನಿಯ ಬದಲು ತಮ್ಮನ್ನು ಕರೆಯುವಂತೆ ತಿದ್ದಿದರು. ಹಳೆಯ 54 ಮೆಗಾಹರ್ಟ್ಸಿನ ಪೆಟ್ಟಿಗೆಗಳು ಮತ್ತೆ ರೆಕಾರ್ಡ್ ಮಾಡತೊಡಗಿದವು.

ಈ ವಾರ ಮನೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಟಿ.ವಿ. ಅಥವಾ ಸೆಟ್ ಟಾಪ್ ಬಾಕ್ಸಿನ ಸೆಟ್ಟಿಂಗ್ಸ್‌ಗೆ ಹೋಗಿ, ಕಾನೂನು ಮಾಹಿತಿ ಅಥವಾ ಓಪನ್ ಸೋರ್ಸ್ ಪರವಾನಗಿ ಎಂಬ ಸಾಲು ಹುಡುಕಿ. ಬಹಳ ಪೆಟ್ಟಿಗೆಗಳಲ್ಲಿ ಇರುತ್ತದೆ. ಅದರಲ್ಲಿ ಲಿನಕ್ಸ್ ಇದೆಯೇ, ಜಿ.ಪಿ.ಎಲ್. ಇದ್ದರೆ ಎರಡನೆಯ ಆವೃತ್ತಿಯೋ ಮೂರನೆಯದೋ ನೋಡಿ ಬರೆಯಿರಿ. ಮೂಲ ಬರಹ ಬೇಕಾದರೆ ಯಾರಿಗೆ ಬರೆಯಬೇಕು ಎಂದೂ ಅಲ್ಲೇ ಇದ್ದೀತು.

ಜೊತೆಗೊಂದು ಲೆಕ್ಕ. ಐದು ಕ್ಯಾಮರಾ, ಎರಡು ಟೆರಾಬೈಟ್ ಡಿಸ್ಕು, ಕ್ಯಾಮರಾವೊಂದಕ್ಕೆ ಸೆಕೆಂಡಿಗೆ ಎರಡೂವರೆ ಲಕ್ಷ ಬೈಟು. ಎಷ್ಟು ದಿನದ ಹಿಂದಿನ ಕಳ್ಳ ಸಿಗುತ್ತಾನೆ? ಉತ್ತರ ಮುಂದಿನ ವಾರ. ಕ್ಯಾಲ್ಕುಲೇಟರ್ ಮುಟ್ಟಬಾರದು.